ಮೂರು ತಿಂಗಳೇ ಬೇರೆ, 90 ದಿನವೇ ಬೇರೆ

"ನಮ್ಮದು ರಾಯಬಾಗ ತಾಲ್ಲೂಕು. ಒಬ್ಬಾಕಿ ಮಗಳು, ಜರ್ಮನ್ಯಾಗ ಫ್ರಾಂಕ್‌ಫರ್ಟ್ ಸನ್ಯಾಕ ಅದಾಳ. ಗಂಡ ಹೆಂಡತಿ ಇಬ್ಬರೂ ನೌಕರಿ ಮಾಡ್ತಾರ. ಈಗ ಚೊಚ್ಚಲ ಬಸರಿ, ನವೆಂಬರ್ 20ಕ್ಕ ಹೆರಿಗಿ ಅಂತ ಅಲ್ಲಿ ಡಾಕ್ಟರು ಹೇಳ್ಯಾರ. ಬಾಣಂತನಕ್ಕ ನಾ ಹೋಗೂದು ಖರೆ. ನಮ್ಮನಿಯವರು ಕಬ್ಬಿನ ಹಂಗಾಮ ಬಿಟ್ಟು ಬರೂದಿಲ್ಲ. ಚಿಕ್ಕೋಡಿಯೊಳಗ ಟಿಕೆಟ್ ಮಾಡಿಕೊಡಾವ್ರು 'ಮೂರು ತಿಂಗಳ ವೀಸಾ ಕೊಡ್ತಾರ, ನವೆಂಬರ್ 5ಕ್ಕ ಹೋಗಿ ಫೆಬ್ರುವರಿ 5ಕ್ಕ ಬರ್ರಿ, ಈಗ ತಗೊಂಡ್ರ ಸೋವಿ' ಅಂತಾರ. ಮಗಳು ನೋಡಿದ್ರ 'ಆಗಸ್ಟಿನ್ಯಾಗ ಕುಬಸಕ್ಕೂ ಒಂದು ಮೂರು ವಾರ ಬಂದು ಹೋಗವ್ವಾ' ಅಂತಾಳ. ಅಥಣಿಯ ಬೀಗತಿ 'ಡಿಸೆಂಬರಿನ್ಯಾಗ ನಾನೂ ಬರ್ತೀನಿ, ಮೊಮ್ಮಗು ನಮ್ಮದೂ ಅಲ್ಲೇನು' ಅಂದಾರ. ನಿಪ್ಪಾಣಿಯ ನಮ್ಮ ನೆಗೆಣ್ಣಿ ಅಮೆರಿಕಾದಾಗ ಆರು ತಿಂಗಳ ಇದ್ದು ಬಂದಾಕಿ. 'ಎರಡು ದಿನ ಹೆಚ್ಚಾದ್ರ ಯಾರೂ ಕೇಳೂದಿಲ್ಲ' ಅಂತಾಳ. ಐದು ತಿಂಗಳ ಬಾಣಂತನ ಮಾಡಬೇಕಂದಾಕಿ ನಾನು, ಹಸಿ ಬಾಣಂತಿನ್ನ ಬಿಟ್ಟು ನಡಕ ಎದ್ದು ಬರಬೇಕಾ? ಬರೂ ಟಿಕೆಟ್ ಯಾವತ್ತಿಂದು ತಗೋಳ್ಲಿ? ರಾತ್ರಿ ನಿದ್ದಿ ಹತ್ತವಲ್ದು."
— ಹೆಸರು ಬೇಡ, ರಾಯಬಾಗ ತಾಲ್ಲೂಕು

ತಾಯಿ, ಆ ಫೆಬ್ರುವರಿ 5ರ ಟಿಕೆಟ್ ಮಾತ್ರ ತಗೋಬೇಡಿ. ಎಷ್ಟೇ ಸೋವಿಯಾಗಲಿ, ಬೇಡ.

ಜರ್ಮನಿ ನಿಮಗೆ ಕೊಡುವುದು ಮೂರು ತಿಂಗಳಲ್ಲ, ಹೆಚ್ಚೆಂದರೆ 90 ದಿನ. ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ನೀವೇ ಎಣಿಸಿ. ನವೆಂಬರ್ 5ರಿಂದ 30ರವರೆಗೆ 26 ದಿನ. ಡಿಸೆಂಬರಿನ 31, ಜನವರಿಯ 31 ಕೂಡಿಸಿದರೆ 88. ಫೆಬ್ರುವರಿ 2ಕ್ಕೆ 90 ತುಂಬಿತು. 5ರಂದು ನೀವು ವಿಮಾನ ಹತ್ತುವಾಗ ಅದು 93ನೇ ದಿನ. ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ, ಹೊರಟ ದಿನವೂ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಇಳಿದರೂ ಅದು ಒಂದು ಪೂರ್ತಿ ದಿನವೇ.

ನಿಮ್ಮ ನೆಗೆಣ್ಣಿಯವರು ಸುಳ್ಳು ಹೇಳಿಲ್ಲ, ಬೇರೆ ದೇಶದ ಲೆಕ್ಕ ಹೇಳಿದ್ದಾರೆ. ಅಮೆರಿಕದಲ್ಲಿ ವೀಸಾ ಹತ್ತು ವರ್ಷದ್ದಿದ್ದರೂ ಎಷ್ಟು ದಿನ ಇರಬಹುದು ಎಂಬುದನ್ನು ಇಳಿದಾಗ ಅಲ್ಲಿಯ ಅಧಿಕಾರಿ ತೀರ್ಮಾನಿಸುತ್ತಾನೆ. ಸಾಮಾನ್ಯವಾಗಿ ಆರು ತಿಂಗಳು. ಬ್ರಿಟನ್ನಿನಲ್ಲೂ ಒಂದು ಭೇಟಿಗೆ ಆರು ತಿಂಗಳು. ಜರ್ಮನಿ ಇರುವುದು 29 ದೇಶಗಳ ಷೆಂಗೆನ್ ಕೂಟದಲ್ಲಿ. ಅಲ್ಲಿಯ ನಿಯಮ, ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. 29 ದೇಶಕ್ಕೂ ಸೇರಿ ಒಂದೇ ಲೆಕ್ಕವಾದ್ದರಿಂದ, ನಡುವೆ ಅಳಿಯನ ಜೊತೆ ಪ್ಯಾರಿಸ್ಸಿಗೋ ಸ್ವಿಟ್ಜರ್ಲೆಂಡಿಗೋ ಹೋಗಿ ಬಂದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ.

"ಯಾರೂ ಕೇಳೂದಿಲ್ಲ" ಎಂಬ ಮಾತಿನ ಕಾಲವೂ ಮುಗಿಯಿತು. ಮೊದಲು ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಮುದ್ರೆ ಹುಡುಕಿ ಬೆರಳು ಮಡಚಿ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಬಂದವರ, ಹೋದವರ ದಿನಗಳನ್ನು ಕಂಪ್ಯೂಟರಿನಲ್ಲೇ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ದಿನ ಮೀರಿದವರು ಯಾರೆಂದು ಅದೇ ತೋರಿಸಿಕೊಡುತ್ತದೆ. ಮೂರು ದಿನ ಹೆಚ್ಚಾಗಿದ್ದಕ್ಕೆ ಜೈಲಿಗೆ ಹಾಕುತ್ತಾರೆಂದು ನಿಮ್ಮನ್ನು ಹೆದರಿಸುತ್ತಿಲ್ಲ. ದಂಡ ಬೀಳಬಹುದು, ಮತ್ತೆ ಬರದಂತೆ ತಡೆಯಬಹುದು, ಮುಂದಿನ ವೀಸಾ ಕೊಡದೆ ಹೋಗಬಹುದು. ಚೊಚ್ಚಲು ಅಂತೀರಿ, ಎರಡನೆಯದಕ್ಕೂ ನೀವೇ ಹೋಗಬೇಕಲ್ಲವೇ? 2024ರ ಏಪ್ರಿಲ್ 18ರಂದು ಯುರೋಪಿಯನ್ ಒಕ್ಕೂಟ ಭಾರತೀಯರಿಗಾಗಿಯೇ ಒಂದು ಸೌಲಭ್ಯ ಮಾಡಿದೆ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ, ಹಲವು ಸಲ ಹೋಗಿಬರುವಂಥ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು ಸಿಗುವ ದಾರಿಯಿದೆ. (ಆಗಲೂ 90 ದಿನದ ಮಿತಿ ಹಾಗೆಯೇ ಇರುತ್ತದೆ.) ಮೂರು ದಿನದ ಆಸೆಗೆ ಆ ದಾರಿಗೆ ಮುಳ್ಳು ಹಾಕಿಕೊಳ್ಳಬೇಡಿ.

ಇನ್ನು ಕುಬಸ. ಮಗಳ ಆಸೆ ನನಗೆ ಅರ್ಥವಾಗುತ್ತದೆ. ಪರದೇಶದಲ್ಲಿ ಚೊಚ್ಚಲ ಬಸುರಿ, ಉಡಿ ತುಂಬಲು ತವರಿನವರು ಬೇಕೆನಿಸುತ್ತದೆ. ಆದರೆ ಆ ಮೂರು ವಾರ ಬಾಣಂತನದಿಂದಲೇ ಕಳೆದುಹೋಗುತ್ತದೆ. ಆಗಸ್ಟ್ 10ರಿಂದ 30ರವರೆಗೆ ಇದ್ದು ಬಂದಿರಿ ಎನ್ನಿ, ಅಲ್ಲಿಗೆ 21 ದಿನ ಖರ್ಚು. ನವೆಂಬರ್ 5ಕ್ಕೆ ಮತ್ತೆ ಹೋದರೆ ಉಳಿದದ್ದು 69. ಜನವರಿ 12ಕ್ಕೆ ಹೊರಡಲೇಬೇಕು. ಆ ದಿನದಿಂದ ಹಿಂದಕ್ಕೆ 180 ದಿನ ಎಣಿಸಿದರೆ ಜುಲೈ 17ಕ್ಕೆ ಹೋಗಿ ಮುಟ್ಟುತ್ತದೆ. ಆಗಸ್ಟಿನ ದಿನಗಳೆಲ್ಲ ಅದರೊಳಗೇ ಸಿಕ್ಕಿಬೀಳುತ್ತವೆ. ಕೂಸು ಹತ್ತು ದಿನ ತಡವಾಗಿ ಹುಟ್ಟಿದರೆ ನಿಮಗೆ ಸಿಗುವುದು ಆರು ವಾರದ ಬಾಣಂತನ. ಕುಬಸಕ್ಕೆ ಬೇರೆ ಉಪಾಯವಿದೆ. ವೈದ್ಯರು ಪ್ರಯಾಣ ಮಾಡಬಹುದೆಂದರೆ, ಐದರಲ್ಲೋ ಏಳರಲ್ಲೋ ಮಗಳೇ ಎರಡು ವಾರ ಊರಿಗೆ ಬಂದು ಹೋಗಲಿ. ಅಲ್ಲಿ ನೌಕರಿಯಲ್ಲಿದ್ದು ನೆಲೆಸಿದವಳಿಗೆ ಈ 90ರ ಲೆಕ್ಕ ಇಲ್ಲ. ಆಗದಿದ್ದರೆ ಹಸಿರು ಸೀರೆ, ಬಳೆ ಪಾರ್ಸಲ್ ಕಳಿಸಿ. ಫ್ರಾಂಕ್‌ಫರ್ಟಿನಲ್ಲಿ ಉಡಿ ತುಂಬುವ ನಾಲ್ಕು ಕನ್ನಡದ ಮುತ್ತೈದೆಯರು ಸಿಗದೆ ಇರುವುದಿಲ್ಲ. ನಿಮ್ಮ ದಿನಗಳನ್ನು ಮಾತ್ರ ಮುಟ್ಟಬೇಡಿ.

ಹೋಗುವುದು ಯಾವಾಗ? ನವೆಂಬರ್ 5 ಸ್ವಲ್ಪ ಬೇಗವಾಯಿತು. ಡಾಕ್ಟರು ಕೊಟ್ಟ ತಾರೀಖಿಗೇ ಹುಟ್ಟುವ ಕೂಸುಗಳು ಕಡಿಮೆ, ಚೊಚ್ಚಲು ಹಿಂದೆ ಬೀಳುವುದೇ ಹೆಚ್ಚು. ನೀವು ಹದಿನೈದು ದಿನ ಮುಂಚೆ ಹೋಗಿ, ಕೂಸು ಹತ್ತು ದಿನ ತಡಮಾಡಿದರೆ 25 ದಿನ ಬರೀ ಕಾಯುವುದರಲ್ಲೇ ಹೋಯಿತು. ಹೆರಿಗೆಗೆ ಮುಂಚೆ ಅಡುಗೆ ಮಾಡಿ ಹಾಕಲು, ಆಸ್ಪತ್ರೆಗೆ ಕರೆದೊಯ್ಯಲು ಅಳಿಯ ಇದ್ದಾನೆ. ನಿಮ್ಮ ಕೈ ಬೇಕಾಗುವುದು ಆಮೇಲೆ. ನನ್ನನ್ನು ಕೇಳಿದರೆ ನವೆಂಬರ್ 10ರಂದು ಅಲ್ಲಿಳಿಯಿರಿ. ಆಗ ಫೆಬ್ರುವರಿ 7ಕ್ಕೆ 90 ತುಂಬುತ್ತದೆ.

ಬರುವ ಟಿಕೆಟನ್ನು ಮಾತ್ರ ಆ 7ಕ್ಕೆ ಮಾಡಬೇಡಿ. ಜನವರಿ 31ಕ್ಕೆ ಮಾಡಿ, ಅದು 83ನೇ ದಿನ. ಕೈಲಿದ್ದ ಏಳು ದಿನ ಯಾಕೆ ಬಿಡಬೇಕು ಎಂದು ನಿಮ್ಮ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಆ ಹೊತ್ತಿನ ಫ್ರಾಂಕ್‌ಫರ್ಟ್ ನಂಬುವಂಥದ್ದಲ್ಲ. 2024ರ ಜನವರಿ 17ರಂದು ಮಂಜುಗಟ್ಟುವ ಮಳೆ ಸುರಿದು ಅಲ್ಲಿ ನೂರಾರು ವಿಮಾನ ರದ್ದಾದವು. ಅದಾಗಿ ಎರಡು ವಾರಕ್ಕೆ, ಫೆಬ್ರುವರಿ 1ರಂದು, ಭದ್ರತಾ ತಪಾಸಣೆಯವರು ಮುಷ್ಕರ ಹೂಡಿ ಫ್ರಾಂಕ್‌ಫರ್ಟ್ ಸೇರಿದಂತೆ 11 ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಉಳಿದುಬಿಟ್ಟರು. 90ನೇ ದಿನಕ್ಕೆ ಟಿಕೆಟ್ ಇಟ್ಟುಕೊಂಡವರಿಗೆ ಇಂಥ ಒಂದು ದಿನ ಸಾಕು. ತಾರೀಖು ಬದಲಿಸಲು ಬರುವಂಥ ಟಿಕೆಟ್ಟನ್ನೇ ಕೇಳಿ. ನಾಲ್ಕು ಸಾವಿರ ಹೆಚ್ಚಾದರೂ ಆಗಲಿ. ಹೋಗುವುದು, ಬರುವುದು ಒಂದೇ ಟಿಕೆಟ್ಟಿನಲ್ಲಿರಲಿ.

ದಾರಿಯನ್ನೂ ನೋಡಿ ಆರಿಸಿ. ನಿಮ್ಮ ಎಣಿಕೆ ಮುಗಿಯುವುದು ಮುಂಬೈಯಲ್ಲಿ ಇಳಿದಾಗಲ್ಲ, ಷೆಂಗೆನ್ ಗಡಿ ದಾಟಿದಾಗ. ಫ್ರಾಂಕ್‌ಫರ್ಟಿನಿಂದ ಮುಂಬೈಗೆ ನೇರ ವಿಮಾನವಾದರೆ ಫ್ರಾಂಕ್‌ಫರ್ಟಿನಲ್ಲೇ ಹೊರಬಿದ್ದಿರಿ. ದುಬೈ ಮೇಲೆ ಬಂದರೂ ಹಾಗೆಯೇ. ಅದೇ ಪ್ಯಾರಿಸ್ ಮೇಲೆ ಬಂದರೆ ಪ್ಯಾರಿಸ್ಸಿನಲ್ಲಿ ಹೊರಬೀಳುತ್ತೀರಿ. ಅಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಹತ್ತಿದರೆ ಇನ್ನೊಂದು ದಿನ ಏರಿತು. ನೇರ ವಿಮಾನವೇ ಇರಲಿ. ಒಬ್ಬರೇ ಹೋಗುವವರಿಗೆ ಅದು ಬೇರೆ ರೀತಿಯಲ್ಲೂ ಒಳ್ಳೆಯದು, ಪರಭಾಷೆಯ ಊರಲ್ಲಿ ಗೇಟು ಹುಡುಕುವ ಕೆಲಸವಿಲ್ಲ. ಮುಂಬೈಯಿಂದ ಮುಂದೆ ಕೊಲ್ಲಾಪುರಕ್ಕೋ ಬೆಳಗಾವಿಗೋ ವಿಮಾನ ಹಿಡಿಯಿರಿ, ಇಲ್ಲವೇ ಮನೆಯವರು ಗಾಡಿ ತರಲಿ. ಅಲ್ಲಿ ಎಷ್ಟು ತಡವಾದರೂ ವೀಸಾದ ಹಂಗಿಲ್ಲ.

ಇಷ್ಟೆಲ್ಲ ಹೇಳಿದರೂ ದುಡ್ಡು ಕಟ್ಟುವುದು ವೀಸಾ ಕೈಗೆ ಬಂದಮೇಲೆ. ಅರ್ಜಿಗೆ ಟಿಕೆಟ್ ಕಾಯ್ದಿರಿಸಿದ ಕಾಗದ ಸಾಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಕೊಡಬಹುದು, ಅಂದರೆ ನಿಮಗೆ ಮೇ 10ರಿಂದ. ಬೆರಳಚ್ಚು ಕೊಡಲು ಸಮಯ ಸಿಗುವುದೇ ಕಷ್ಟವಾದ್ದರಿಂದ ಗಣಪತಿ ಹಬ್ಬದವರೆಗೆ ಕಾಯಬೇಡಿ. ಅರ್ಜಿಯಲ್ಲಿ ಬರೆದ ದಿನಗಳನ್ನು ನೋಡಿಯೇ ಅವರು ದಿನ ಕೊಡುತ್ತಾರೆ. ಆದ್ದರಿಂದ 83 ಎಂದು ಬರೆಯಬೇಡಿ, ನವೆಂಬರ್ 10ರಿಂದ ಫೆಬ್ರುವರಿ 7ರವರೆಗೆ ಪೂರ್ತಿ 90 ಕೇಳಿ. ಖರ್ಚಿನ ಹೊಣೆ ತನ್ನದೆಂದು ಅಳಿಯ ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ ಬರೆದುಕೊಟ್ಟು ಕಾಗದ ಕಳಿಸಲಿ. ಕನಿಷ್ಠ 30,000 ಯೂರೋದ ಆರೋಗ್ಯ ವಿಮೆ ಕಡ್ಡಾಯ. ಅದನ್ನೂ ಜನವರಿ 31ಕ್ಕಲ್ಲ, ಫೆಬ್ರುವರಿ 7ರವರೆಗೆ ಮಾಡಿಸಿ. ವಿಮಾನ ರದ್ದಾದ ದಿನವೇ ವಿಮೆಯೂ ಮುಗಿದಿದ್ದರೆ ಏನು ಮಾಡುತ್ತೀರಿ? ಬಿಪಿ, ಸಕ್ಕರೆ ಮಾತ್ರೆಗಳಿದ್ದರೆ ಅವಕ್ಕೂ ಇದೇ ಮಾತು.

ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಬಂದಾಗ ಅದರ ಮೇಲಿನ ಮೂರು ಸಂಗತಿ ನೋಡಿ, ಅಥವಾ ಓದುವ ಹುಡುಗರಿಂದ ಓದಿಸಿ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಎರಡು ತಾರೀಖು ಇರುತ್ತವೆ. ಕೆಳಗೆ ಇರಬಹುದಾದ ದಿನಗಳ ಸಂಖ್ಯೆ ಬೇರೆಯೇ ಇರುತ್ತದೆ. ಎಷ್ಟು ಸಲ ಒಳಹೋಗಬಹುದು ಎಂಬುದೂ ಇರುತ್ತದೆ. ಬಹಳ ಜನ ಎಡವುವುದು ಮೊದಲ ಎರಡರಲ್ಲಿ. ಪ್ರಯಾಣ ಹಿಂದೆಮುಂದೆ ಆದೀತೆಂದು ಆ ತಾರೀಖುಗಳ ನಡುವೆ 15 ದಿನ ಹೆಚ್ಚು ಕೊಟ್ಟಿರುತ್ತಾರೆ. ಅದನ್ನು ಕಂಡು "ಫೆಬ್ರುವರಿ 22ರವರೆಗೂ ಇರಬಹುದು" ಎಂದುಕೊಂಡರೆ ಕೆಟ್ಟಿತು. ದಿನಗಳ ಸಂಖ್ಯೆಯೇ ನಿಮ್ಮ ಮಿತಿ. ಅಲ್ಲಿ 75 ಎಂದು ಬರೆದಿದ್ದರೆ 75 ಅಷ್ಟೇ, ಆಗ ಬರುವ ಟಿಕೆಟನ್ನೂ ಹಿಂದಕ್ಕೆ ಎಳೆಯಬೇಕು.

ಅಲ್ಲೇ ಇದ್ದು ದಿನ ಹೆಚ್ಚಿಸಿಕೊಳ್ಳಲು ಬರುವುದಿಲ್ಲವೇ ಎಂದು ಅಳಿಯ ಕೇಳಬಹುದು. ಕೈಮೀರಿದ ಕಾರಣಕ್ಕೆ ಮಾತ್ರ. ನೀವೇ ಆಸ್ಪತ್ರೆ ಸೇರಿದರೆ, ಮಗಳಿಗೋ ಕೂಸಿಗೋ ಗಂಭೀರ ತೊಂದರೆಯಾದರೆ, ವಿಮಾನಗಳೇ ನಿಂತುಹೋದರೆ, ಡಾಕ್ಟರರ ಅಥವಾ ವಿಮಾನ ಕಂಪನಿಯ ಕಾಗದ ಹಿಡಿದು ದಿನ ಮುಗಿಯುವ ಮೊದಲೇ ವಿದೇಶಿಯರ ಕಚೇರಿಗೆ ಬರೆದು ಕೇಳಬೇಕು. ಕೂಸು ತಡವಾಗಿ ಹುಟ್ಟಿತು, ಅಜ್ಜಿಗೆ ಬಿಟ್ಟು ಬರಲು ಮನಸ್ಸಿಲ್ಲ ಎಂಬುದಕ್ಕೆ ಅವರು ಕರಗುವವರಲ್ಲ.

ಈಗ ನಿಮ್ಮ ನಿದ್ದೆ ಕೆಡಿಸಿರುವ ಮಾತು. ಐದು ತಿಂಗಳ ಬಾಣಂತನ ಒಬ್ಬರಿಂದ ಆಗದು, ಇಬ್ಬರಿಂದ ಆಗುತ್ತದೆ. 90 ದಿನ ಒಬ್ಬೊಬ್ಬರಿಗೆ ಬೇರೆ ಬೇರೆ. ಅಥಣಿಯ ಬೀಗತಿ ಡಿಸೆಂಬರಿನಲ್ಲೇ ಬಂದರೆ, ಒಂದು ಸಣ್ಣ ಫ್ಲಾಟಿನಲ್ಲಿ ಇಬ್ಬರು ಅಜ್ಜಿಯರು, ಒಂದು ಕೂಸು, ಒಂದೇ ಒಲೆ. ಯಾರ ಎಣ್ಣೆ ನೀರು ಸರಿ, ಯಾರ ಖಾರ ಸರಿ ಎಂಬುದೇ ದೊಡ್ಡದಾಗುತ್ತದೆ. ಮೇಲಾಗಿ ಇಬ್ಬರ ದಿನಗಳೂ ಒಟ್ಟಿಗೇ ಖರ್ಚಾಗಿ, ಮಾರ್ಚ್ ಮುಗಿಯುವ ಹೊತ್ತಿಗೆ ಮಗಳ ಹತ್ತಿರ ಯಾರೂ ಇರುವುದಿಲ್ಲ. ಅವರು ಜನವರಿ 24ಕ್ಕೆ ಬರಲಿ. ಒಂದು ವಾರ ಇಬ್ಬರೂ ಕೂಡಿ ಇರಿ, ಕೂಸಿನ ರೂಢಿಗಳನ್ನೆಲ್ಲ ಅವರ ಕೈಗೆ ಒಪ್ಪಿಸಿ ನೀವು 31ಕ್ಕೆ ಹೊರಡಿ. ಅವರ 90 ತುಂಬುವುದು ಏಪ್ರಿಲ್ 23ಕ್ಕೆ. ಅವರೂ ಒಂದು ವಾರ ಮುಂಚೆ ಹೊರಟರೂ ಕೂಸಿಗೆ ಐದು ತಿಂಗಳು ಹತ್ತಿರವಾಗಿರುತ್ತದೆ. ಅತ್ತೆ ಮಾಡಿದ ಬಾಣಂತನ ತವರಿನ ಬಾಣಂತನ ಆಗದು ಎಂದು ನೀವು ಮನಸ್ಸಿನಲ್ಲಿ ಅಂದುಕೊಳ್ಳುತ್ತೀರೆಂದು ಬಲ್ಲೆ. ಸೊಸೆಯ ಬಾಣಂತನ ಮಾಡಲು ಅವಕಾಶವೇ ಸಿಗದ ಅತ್ತೆಯರು ನಮ್ಮ ಕಡೆ ಬಹಳ. ಇವರಿಗೆ ಸಿಗಲಿ, ಒಳ್ಳೆಯದೇ.

ನೀವಿಬ್ಬರೂ ಇಲ್ಲದ ಹೊತ್ತಿಗೂ ಅವಳು ಒಂಟಿಯಲ್ಲ. ನೌಕರಿ ಮಾಡುವ ಹೆಂಗಸರಿಗೆ ಅಲ್ಲಿ ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಎಂಟು ವಾರ ಕಾನೂನಿನ ರಜೆಯಿದೆ. ಅದು ಮುಗಿದ ಮೇಲೆ ತಾಯಿಯೋ ತಂದೆಯೋ ರಜೆ ಮುಂದುವರಿಸಬಹುದು. ಹೆರಿಗೆಯಾದ ಮೇಲೆ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗುವನ್ನು ನೋಡುತ್ತಾಳೆ. 12 ವಾರದವರೆಗೆ ಅದರ ಖರ್ಚು ಸರ್ಕಾರಿ ಆರೋಗ್ಯ ವಿಮೆಯದು. ಸೂಲಗಿತ್ತಿಯನ್ನು ಈಗಲೇ ಗೊತ್ತುಮಾಡಿಕೊಳ್ಳಲು ಮಗಳಿಗೆ ಹೇಳಿ, ಕೊನೆಗೆ ಹುಡುಕಿದರೆ ಸಿಗುವುದು ಕಷ್ಟ.

ಗಂಟು ಕಟ್ಟುವಾಗ ಅಂಟು, ಆಳ್ವಿ, ಒಣಕೊಬ್ಬರಿ, ಖಾರೀಕು ಹಾಕಿಕೊಳ್ಳಿ. ತುಪ್ಪ, ಪೇಡೆ, ಬೆಳಗಾವಿ ಕುಂದಾ ಬೇಡ. ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿನಲ್ಲಿ ನಿಷೇಧಿಸಿದ್ದಾರೆ. ಬೆಣ್ಣೆ ಅಲ್ಲೇ ಕೊಂಡು ಕಾಯಿಸಿದರೆ ಅಂಟಿನ ಉಂಡಿಗೆ ಬೇಕಾದ ತುಪ್ಪವಾಗುತ್ತದೆ. ಲೋಬಾನದ ಹೊಗೆ ಹಾಕುವ ಆಸೆ ಬಿಡಿ, ಅಲ್ಲಿಯ ಮನೆಗಳಲ್ಲಿ ಹೊಗೆ ಕಂಡರೆ ಕೂಗಿಕೊಳ್ಳುವ ಯಂತ್ರ ಮಾಳಿಗೆಗೇ ಹಚ್ಚಿರುತ್ತಾರೆ.

ಅಥಣಿಗೆ ಫೋನು ಮಾಡುವವರು ನೀವೇ ಆಗಿರಿ, ಮಗಳ ಬಾಯಲ್ಲಿ ಹೇಳಿಸಬೇಡಿ. "ಡಿಸೆಂಬರಿನಾಗ ಬರಬ್ಯಾಡ್ರಿ" ಎಂದು ಶುರುಮಾಡದೆ, "ನಾ ಬಂದ ಮ್ಯಾಲ ಆಕಿನ್ನ ನೀವು ನೋಡ್ಕೋಬೇಕ್ರಿ" ಎಂದು ಕೇಳಿ. ಅವರ ಅರ್ಜಿಯೂ ಬೇರೆಯಾಗಿ, ಅವರ ತಾರೀಖುಗಳೊಂದಿಗೆ, ಈ ಬೇಸಿಗೆ ಮಳೆಗಾಲದಲ್ಲೇ ತಯಾರಾಗಬೇಕು. ಜನವರಿ 24ರ ಪ್ರಯಾಣಕ್ಕೆ ಜುಲೈ ಕೊನೆಯ ವಾರದಿಂದ ಅರ್ಜಿ ಕೊಡಬಹುದು.