ಶಾಲಾ ಫಲಿತಾಂಶದ ಸರಾಸರಿ ಮತ್ತು ದಾಖಲಾತಿಯ ಸ್ವರೂಪ: ಒಂದು ಅಧ್ಯಯನ ಪಾಠ

ಸರ್ಕಾರಿ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರು, ಸಮೂಹ ಸಂಪನ್ಮೂಲ ವ್ಯಕ್ತಿಗಳು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರ ಸಮಾಲೋಚನೆಗಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ. ತರಗತಿಯ ಸರಾಸರಿ ಅಂಕವನ್ನು ಅಲ್ಲಿ ಕಲಿಯುತ್ತಿರುವ ಮಕ್ಕಳ ವಿವರದೊಂದಿಗೆ ಜೋಡಿಸಿ ಓದುವ ಕ್ರಮವನ್ನು ಮನವರಿಕೆ ಮಾಡಿಕೊಡುವುದು ಇದರ ಉದ್ದೇಶ.

1. ಸರಾಸರಿ ಇಳಿದರೆ ಕಲಿಕೆ ಇಳಿದಂತೆಯೇ?

ಕೆಳಗಿನದು ವಿವರಣೆಗಾಗಿ ಕಲ್ಪಿಸಿದ ಲೆಕ್ಕ. ಒಂದು ಶಾಲೆಯ ಐದನೇ ತರಗತಿಯಲ್ಲಿ ಕಳೆದ ವರ್ಷ 40 ಮಕ್ಕಳಿದ್ದರು. ಒಂದನೇ ತರಗತಿಯಿಂದ ಅದೇ ಶಾಲೆಯಲ್ಲಿ ಓದಿದ 32 ಮಕ್ಕಳ ಸರಾಸರಿ 70 ಅಂಕ. ವಲಸೆಯ ಕಾರಣದಿಂದ ಓದು ತುಂಡಾಗಿದ್ದ 8 ಮಕ್ಕಳ ಸರಾಸರಿ 35 ಅಂಕ. ಇಡೀ ತರಗತಿಯ ಸರಾಸರಿ 63 ಆಯಿತು.

ಈ ವರ್ಷವೂ 40 ಮಕ್ಕಳೇ ಇದ್ದಾರೆ. ಆದರೆ ಮೊದಲ ಗುಂಪಿನಲ್ಲಿ 20, ಎರಡನೆಯ ಗುಂಪಿನಲ್ಲಿ 20 ಮಕ್ಕಳು. ಮೊದಲ ಗುಂಪಿನ ಸರಾಸರಿ 72ಕ್ಕೂ ಎರಡನೆಯದರ ಸರಾಸರಿ 42ಕ್ಕೂ ಏರಿದೆ. ಆದರೂ ತರಗತಿಯ ಸರಾಸರಿ 57ಕ್ಕೆ ಇಳಿದಿದೆ. ಎರಡೂ ಗುಂಪುಗಳ ಸಾಧನೆ ಹಿಂದಿನ ವರ್ಷಕ್ಕಿಂತ ಉತ್ತಮವಾಗಿದ್ದರೂ ಶಾಲೆಯು 'ಹಿನ್ನಡೆ' ಎಂಬ ಪಟ್ಟಿಗೆ ಸೇರುತ್ತದೆ. ಬದಲಾದದ್ದು ಬೋಧನೆಯ ಗುಣಮಟ್ಟವಲ್ಲ, ದಾಖಲಾತಿಯ ಸ್ವರೂಪ.

ಇದರ ವಿಲೋಮವೂ ಸಾಧ್ಯ. ಕಳೆದ ವರ್ಷದ ಆ 8 ಮಕ್ಕಳು ಪರೀಕ್ಷೆಯ ದಿನ ಗೈರುಹಾಜರಾಗಿದ್ದರೆ ಸರಾಸರಿಯು 63ರ ಬದಲು 70 ಆಗುತ್ತಿತ್ತು. ಯಾವ ಮಗುವೂ ಹೆಚ್ಚೇನನ್ನೂ ಕಲಿಯದೆ ಫಲಿತಾಂಶ 'ಸುಧಾರಿಸುತ್ತಿತ್ತು'. ಆದುದರಿಂದ ದಾಖಲಾದವರೆಷ್ಟು, ಮೌಲ್ಯಮಾಪನಕ್ಕೆ ಹಾಜರಾದವರೆಷ್ಟು ಎಂಬ ಎರಡು ಸಂಖ್ಯೆಗಳಿಲ್ಲದ ಸರಾಸರಿಯಿಂದ ಯಾವುದೇ ತೀರ್ಮಾನಕ್ಕೆ ಬರುವುದು ತರವಲ್ಲ.

ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಗಳಲ್ಲಿ ಇನ್ನೂ ಎಚ್ಚರ ಅಗತ್ಯ. 9 ಮಕ್ಕಳ ತರಗತಿಯಲ್ಲಿ ಒಂದು ಮಗು 45 ಅಂಕ ಕಡಿಮೆ ಪಡೆದರೆ ತರಗತಿಯ ಸರಾಸರಿಯೇ 5 ಅಂಕ ಕುಸಿಯುತ್ತದೆ.

2. ಅಂಕದ ಹಿಂದಿರುವ ಕಾರಣಗಳು

ಮೊದಲನೆಯದು ಹಾಜರಾತಿ. ಉತ್ತರ ಕರ್ನಾಟಕದ ಅನೇಕ ತಾಂಡಾ ಮತ್ತು ಗ್ರಾಮಗಳ ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಟಾವಿಗೆ ಹೊರಟು, ಹಂಗಾಮು ಮುಗಿದ ಮೇಲೆ ಊರಿಗೆ ಮರಳುತ್ತವೆ. ಜೊತೆಯಲ್ಲಿ ಹೋದ ಮಗು ಮೊದಲ ಸಂಕಲನಾತ್ಮಕ ಮೌಲ್ಯಮಾಪನಕ್ಕೆ ಹಾಜರಿದ್ದರೂ ಎರಡನೆಯ ಅವಧಿಯ ಪಾಠಗಳನ್ನು ಬಹುತೇಕ ಕಳೆದುಕೊಳ್ಳುತ್ತದೆ.

ಎರಡನೆಯದು ಮನೆಮಾತು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಅಥವಾ ಮರಾಠಿ ಆಡುವ ಮಗುವಿಗೆ ಕನ್ನಡ ಮಾಧ್ಯಮದ ಪರಿಸರ ಅಧ್ಯಯನ ಪಾಠವು ಭಾಷಾ ಪಾಠವೂ ಹೌದು. ಕೂಡುವುದು ಕಳೆಯುವುದು ಬಲ್ಲ ಮಗುವೂ ಲೆಕ್ಕದ ವಾಕ್ಯ ಅರ್ಥವಾಗದೆ ಅಂಕ ಕಳೆದುಕೊಳ್ಳಬಹುದು. ಅಲ್ಲಿ ಕೊರತೆ ಗಣಿತದ್ದಲ್ಲ.

ಮನೆಯಲ್ಲಿ ಓದುಬರಹ ಬಲ್ಲವರಿಲ್ಲದ ಮೊದಲ ತಲೆಮಾರಿನ ಕಲಿಕೆ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ದೊರೆಯದ ಬೆಂಬಲ, ಮನೆಗೆಲಸ ಹಾಗೂ ತಮ್ಮ ತಂಗಿಯರ ಪಾಲನೆಗಾಗಿ ಹೆಣ್ಣುಮಕ್ಕಳು ಶಾಲೆ ತಪ್ಪಿಸುವುದು ಇತರ ಕಾರಣಗಳು. ಸಾಮಾಜಿಕ ವರ್ಗದ ಅಂಕಣವನ್ನು ಮಾತ್ರ ನೋಡಿ 'ಈ ವರ್ಗದ ಮಕ್ಕಳು ಇಷ್ಟೇ' ಎಂದು ತೀರ್ಮಾನಿಸುವುದು ಸಲ್ಲದು. ಆ ಅಂಕಣವು ಬೆಂಬಲ ಎಲ್ಲಿ ತಲುಪಿಲ್ಲವೆಂದು ಹುಡುಕುವ ಸಾಧನವೇ ಹೊರತು ಮಗುವಿನ ಸಾಮರ್ಥ್ಯದ ಅಳತೆಯಲ್ಲ.

3. ಶಾಲೆಯ ಕೈಯಲ್ಲಿರುವುದು

ಮಕ್ಕಳ ಹಿನ್ನೆಲೆಯನ್ನು ಶಾಲೆಯು ಬದಲಿಸಲಾರದು. ಬೋಧನೆಯನ್ನು ಅದಕ್ಕೆ ಹೊಂದಿಸಬಲ್ಲದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡ ನಲಿ-ಕಲಿ ಪದ್ಧತಿಯಲ್ಲಿ ಕೆಲವು ದಿನ ತಪ್ಪಿಸಿಕೊಂಡ ಮಗು, ಹಿಂದಿರುಗಿದಾಗ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಾಲ್ಕನೇ ತರಗತಿಯಿಂದ ಮೇಲೆ ಪಾಠಗಳು ಮಗುವಿಗಾಗಿ ಕಾಯುವುದಿಲ್ಲ. ಆದುದರಿಂದ ಅಲ್ಲಿ ಮಗುವಿನ ಕಲಿಕಾ ಮಟ್ಟವನ್ನು ಗುರುತಿಸಿ, ಪ್ರತಿದಿನ ನಿಗದಿತ ಸಮಯದಲ್ಲಿ ಮಟ್ಟಕ್ಕನುಗುಣವಾದ ಓದು ಮತ್ತು ಗಣಿತದ ಅಭ್ಯಾಸ ನೀಡುವುದು ಅವಶ್ಯ.

ಶಿಕ್ಷಣ ಹಕ್ಕು ಕಾಯ್ದೆ, 2009ರ 4ನೇ ಪ್ರಕರಣದಂತೆ ಶಾಲೆಗೆ ಸೇರದ ಅಥವಾ ಓದನ್ನು ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಆ ಮಗು ವಿಶೇಷ ತರಬೇತಿಗೆ ಹಕ್ಕುಳ್ಳದ್ದು. ವರ್ಗಾವಣೆ ಪತ್ರ ತಡವಾಯಿತೆಂದು ಅಥವಾ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. 15ನೇ ಪ್ರಕರಣದಂತೆ ಪ್ರವೇಶದ ಅವಧಿ ಮುಗಿದಿದೆ ಎಂಬುದೂ ನಿರಾಕರಣೆಗೆ ಕಾರಣವಾಗದು.

ಸರಾಸರಿಯೊಂದರಿಂದಲೇ ಶಾಲೆಗಳನ್ನು ಅಳೆಯತೊಡಗಿದರೆ ಜನವರಿಯಲ್ಲಿ ಬಾಗಿಲಿಗೆ ಬಂದ ವಲಸೆ ಕಾರ್ಮಿಕರ ಮಗು ಕಲಿಯಬೇಕಾದ ವಿದ್ಯಾರ್ಥಿಯಾಗಿ ಕಾಣದೆ ಫಲಿತಾಂಶಕ್ಕೆ ಹೊರೆಯಾಗಿ ಕಾಣಬಹುದು. ಈ ಅಪಾಯವನ್ನು ತಪ್ಪಿಸುವುದು ಮೇಲ್ವಿಚಾರಣೆ ನಡೆಸುವ ಎಲ್ಲರ ಹೊಣೆ. ಹಾಗೆಂದು 'ನಮ್ಮ ಮಕ್ಕಳ ಹಿನ್ನೆಲೆಯೇ ಹೀಗೆ' ಎಂಬುದು ಸಮಜಾಯಿಷಿ ಆಗಲಾಗದು. ವರ್ಷವಿಡೀ ಶಾಲೆಗೆ ಬಂದ ಮಕ್ಕಳ ಗುಂಪಿನ ಸರಾಸರಿಯೂ ಇಳಿದಿದ್ದರೆ ಕಾರಣವನ್ನು ತರಗತಿಯ ಒಳಗೇ ಹುಡುಕಬೇಕು.

4. ಅಭ್ಯಾಸ

ಮುಂದಿನ ಸಭೆಗೆ ಒಂದು ತರಗತಿಯನ್ನು ಆಯ್ದು ಈ ಕೆಳಗಿನ ವಿವರ ಸಿದ್ಧಪಡಿಸಿಕೊಳ್ಳುವುದು:

ಅ) ದಾಖಲಾತಿ, ಮೌಲ್ಯಮಾಪನಕ್ಕೆ ಹಾಜರಾದವರು ಮತ್ತು ಸರಾಸರಿ, ಕಳೆದ ಎರಡು ವರ್ಷಗಳಿಗೆ.
ಆ) ಹಾಜರಾತಿ, ಮನೆಮಾತು ಹಾಗೂ ಲಿಂಗವಾರು ಗುಂಪುಗಳ ಸರಾಸರಿ.
ಇ) ಪ್ರತಿ ಮಗುವಿನ ಹಿಂದಿನ ಮತ್ತು ಈಗಿನ ಕಲಿಕಾ ಮಟ್ಟ.

ಸಭೆಯಲ್ಲಿ ಮಕ್ಕಳ ಹೆಸರನ್ನು ಓದದೆ ಗುಂಪಿನ ವಿವರವನ್ನಷ್ಟೇ ಮಂಡಿಸತಕ್ಕದ್ದು. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರುವುದರಿಂದ, ಯಾವ ಕುಟುಂಬಗಳು ಯಾವಾಗ ಊರು ಬಿಡುತ್ತವೆ, ಮಕ್ಕಳನ್ನು ಊರಿನಲ್ಲೇ ಉಳಿಸಿಕೊಳ್ಳಲು ಏನು ವ್ಯವಸ್ಥೆ ಬೇಕು ಎಂಬುದನ್ನು ಅವರಿಂದಲೇ ತಿಳಿಯಬಹುದು. ಆ ಮಾಹಿತಿಯನ್ನು ವಲಸೆ ಆರಂಭವಾಗುವ ಮೊದಲೇ ಶಾಲಾಭಿವೃದ್ಧಿ ಯೋಜನೆಯಲ್ಲಿ ಸೇರಿಸಿ, ಗ್ರಾಮ ಪಂಚಾಯತಿಯ ಗಮನಕ್ಕೆ ತರುವುದು.