ಡೀಸೆಲ್ ಗಾಡಿ ಏಕೆ ಹೊರಡದು?

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ ಮಾಗಿಕಾಲದ ಒಂದು ಮುಂಜಾವನ್ನು ಕಲ್ಪಿಸಿಕೊಳ್ಳೋಣ. ಟೊಮೇಟೊ ತುಂಬಿದ ಹಳೆಯ ಡೀಸೆಲ್ ಪಿಕಪ್ ಗಾಡಿಯೊಂದು ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹೊರಡಬೇಕಾಗಿದೆ. ಹಿಂದಿನ ರಾತ್ರಿ ಟ್ಯಾಂಕು ಬರಿದಾಗಿ, ಅನಂತರ ಕ್ಯಾನಿನಿಂದ ಡೀಸೆಲ್ ಹೊಯ್ದಿದ್ದಾರೆ. ಕೀಲಿ ತಿರುಗಿಸಿದರೆ ಎಂಜಿನು ಚುರುಕಾಗಿಯೇ ತಿರುಗುತ್ತದೆ. ಆದರೆ ಚಾಲೂ ಆಗದು. ಹೊತ್ತು ಮೀರಿದರೆ ರೈತನಿಗೆ ನಷ್ಟ. ಒಬ್ಬರು ಬ್ಯಾಟರಿ ಕೆಟ್ಟಿದೆಯೆನ್ನುತ್ತಾರೆ. ಮತ್ತೊಬ್ಬರು ಪಂಪನ್ನೇ ಬದಲಿಸಬೇಕೆನ್ನುತ್ತಾರೆ. ಯಾರ ಮಾತು ಸರಿ? ಯಂತ್ರದ ತತ್ತ್ವವೇ ಇದಕ್ಕೆ ಉತ್ತರ ಕೊಡಬಲ್ಲುದು.

ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಇಲ್ಲಿಯೂ ಪಿಸ್ಟನ್ನು ಸಿಲಿಂಡರಿನ ಗಾಳಿಯನ್ನು ಸುಮಾರು ಹದಿನೆಂಟರಲ್ಲಿ ಒಂದು ಪಾಲಿನ ಗಾತ್ರಕ್ಕೆ ಥಟ್ಟನೆ ಒತ್ತುತ್ತದೆ. ಗಾಳಿಯ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಎಂಜಿನಿಗೆ ಬೇಕಾದುವು ಮೂರು: ತಕ್ಕಷ್ಟು ವೇಗವಾದ ತಿರುಗುವಿಕೆ, ಬಿಗಿಯಾಗಿ ಒತ್ತಿದ ಗಾಳಿ, ಸಕಾಲಕ್ಕೆ ಬರುವ ಇಂಧನ. ಇವನ್ನು ಒಂದೊಂದಾಗಿ ಪರೀಕ್ಷಿಸೋಣ.

ಎಂಜಿನು ಮೆಲ್ಲಗೆ ತಿರುಗಿದ್ದರೆ ಮೊದಲು ಬ್ಯಾಟರಿಯನ್ನು ಸಂಶಯಿಸಬೇಕಾಗಿತ್ತು. ಅದರ ತುದಿಗಳಲ್ಲಿ ಕಿಲುಬು ಕಟ್ಟಿ ಕೇವಲ 0.01 ಓಮ್ ರೋಧವುಂಟಾದರೂ, 150 ಆಂಪೇರ್ ವಿದ್ಯುತ್ತು ಹರಿಯುವಾಗ 1.5 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಎಷ್ಟೋ ವೇಳೆ ತುದಿಗಳನ್ನು ಉಜ್ಜಿ ಬಿಗಿಮಾಡಿದರೆ ಸಾಕು. ಆದರೆ ನಮ್ಮ ಎಂಜಿನು ಚುರುಕಾಗಿ ತಿರುಗುತ್ತಿದೆ, ಬ್ಯಾಟರಿ ನಿರಪರಾಧಿ.

ಇನ್ನು ಹೊಗೆಕೊಳವೆಯನ್ನು ನೋಡಿ. ಗಾಳಿ ಸಾಕಷ್ಟು ಬಿಸಿಯಾಗದೆ ಇಂಧನ ಮಾತ್ರ ಬಂದಿದ್ದರೆ, ಉರಿಯದ ಡೀಸೆಲಿನ ಬಿಳಿಹೊಗೆ ಕಾಣಬೇಕಾಗಿತ್ತು. ಇಲ್ಲಿ ಹೊಗೆಯೇ ಇಲ್ಲ. ಎಂದರೆ ಇಂಧನವೇ ಸಿಲಿಂಡರನ್ನು ತಲುಪುತ್ತಿಲ್ಲ.

ಟ್ಯಾಂಕಿನಲ್ಲಿ ಡೀಸೆಲ್ ಇದ್ದೂ ಹೀಗೇಕೆ? ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿರಿ, ದಂಡ ಕದಲದು. ಒಂದು ಗಾಳಿಗುಳ್ಳೆಯನ್ನು ಒಳಗೆ ಬಿಟ್ಟು ಒತ್ತಿರಿ, ದಂಡ ಸರಿಯುತ್ತದೆ. ಟ್ಯಾಂಕು ಬರಿದಾದಾಗ ಕೊಳವೆಯೊಳಗೆ ಗಾಳಿ ಸೇರಿದೆ. ಪಂಪು ಒತ್ತಿದಾಗ ಆ ಗಾಳಿ ಕುಗ್ಗುತ್ತದೆಯೇ ಹೊರತು, ಇಂಜೆಕ್ಟರನ್ನು ತೆರೆಯುವಷ್ಟು ಒತ್ತಡ ಉಂಟಾಗದು. ಇದೇ ಮೆಕ್ಯಾನಿಕ್‌ಗಳು ಹೇಳುವ ‘ಏರ್ ಲಾಕ್’. ಹಳೆಯ ಬಗೆಯ ಪಂಪಿನ ಗಾಡಿಯಲ್ಲಿ ಫಿಲ್ಟರಿನ ಮೇಲಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪನ್ನು ಒತ್ತಿ, ತಿರುಪನ್ನು ಮತ್ತೆ ಬಿಗಿಮಾಡಬೇಕು. ಹೊಸ ಪಂಪು ಬೇಕಿಲ್ಲ.

ಒಂದು ಎಚ್ಚರಿಕೆ. ಇಂದಿನ ‘ಕಾಮನ್ ರೈಲ್’ ಎಂಜಿನುಗಳಲ್ಲಿ ಇಂಧನದ ಒತ್ತಡ ವಾಯುಮಂಡಲದ ಒತ್ತಡದ ಸಾವಿರ ಮಡಿಯನ್ನೂ ಮೀರಬಹುದು. ಅಲ್ಲಿಂದ ಚಿಮ್ಮಿದ ಎಳೆಯು ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು. ಅಂತಹ ಕೊಳವೆಗಳನ್ನು ಸಡಿಲಿಸಲೇಬಾರದು. ತಯಾರಕರ ಕೈಪಿಡಿಯಲ್ಲಿ ಹೇಳಿದ ಕ್ರಮವನ್ನೇ ಅನುಸರಿಸಬೇಕು.

ಓಡುವ ಎಂಜಿನಿನ ಹೊಗೆಯೂ ಸುಳಿವು ಕೊಡುತ್ತದೆ. ಕಪ್ಪುಹೊಗೆ ಬಂದರೆ ಗಾಳಿಯ ಫಿಲ್ಟರು ಕಟ್ಟಿಕೊಂಡಿರಬಹುದು ಇಲ್ಲವೆ ಇಂಜೆಕ್ಟರು ಕೆಟ್ಟಿರಬಹುದು. ನೀಲಿಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ಆ ನೀರು ಸಿಲಿಂಡರಿಗೆ ಸೋರುತ್ತಿರಬಹುದು. ಆದರೆ ಎಂಜಿನು ತಣಿಯುವ ಮೊದಲು ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು.

ನಿಮ್ಮ ಊರಿನ ಗ್ಯಾರೇಜಿನಲ್ಲಿ ಗಾಡಿಯೊಂದು ದುರಸ್ತಿಗೆ ನಿಂತಿದ್ದರೆ, ಅದಕ್ಕೆ ಈ ಮೂರರಲ್ಲಿ ಯಾವುದು ತಪ್ಪಿದೆಯೆಂದು ಮೊದಲು ನೀವೇ ಊಹಿಸಿರಿ. ಅನಂತರ ಮೆಕ್ಯಾನಿಕ್ಕನ್ನು ಕೇಳಿ ಹೋಲಿಸಿ ನೋಡಿರಿ.