ಬೀಜದ ಚೀಟಿಯೂ ಅಚ್ಚಿನ ಯಂತ್ರವೂ

ಬಾರ್ಕೂರು ಸೀಮೆಯಲ್ಲಿ ಬಿತ್ತನೆಯ ಭತ್ತವನ್ನು ಮುಡಿ ಕಟ್ಟಿಡುತ್ತಿದ್ದ ಕಾಲದಲ್ಲಿ ತಳಿಯ ಗುರುತು ಮನೆಯ ಹಿರಿಯರ ನೆನಪಿನಲ್ಲಿರುತ್ತಿತ್ತು. ಚೀಲದಲ್ಲಿ ಮಾರುವ ಬೀಜಕ್ಕೆ ಚೀಟಿಯೇ ಗುರುತು. ಅಧಿಸೂಚಿತ ತಳಿಗಳ ಚೀಲದ ಮೇಲೆ ಮೊಳಕೆಯ ಹಾಗೂ ಶುದ್ಧತೆಯ ಪ್ರಮಾಣಗಳನ್ನು ಕಾಣಿಸತಕ್ಕದ್ದೆಂದು 1966ನೆಯ ಇಸವಿಯ ಬೀಜ ಅಧಿನಿಯಮವು ವಿಧಿಸುತ್ತದೆ. ಚೀಟಿಯ ಅಕ್ಷರವು ಮಸಕಾದರೆ ತಳಿಗಳು ಬೆರೆತು ಕಾರ್ತಿಯ ಬೆಳೆಯೇ ಕೆಡಬಹುದು.

ವೇಗ: ಶಾಖದಿಂದ ಅಚ್ಚೊತ್ತುವ ಲೇಬಲ್ ಪ್ರಿಂಟರಿನಲ್ಲಿ ಸಣ್ಣ ಬಿಂದುಗಳು ಕಾದು ಅಕ್ಷರಗಳು ಮೂಡುತ್ತವೆ. ಕಾಗದವು ವೇಗವಾಗಿ ಸರಿದರೆ ಕಾಯಲು ಸಮಯ ಸಾಲದೆ ಅಚ್ಚು ತೆಳುವಾಗುವುದು. ಆದಕಾರಣ ಮೊದಲು ವೇಗವನ್ನು ಸೆಕೆಂಡಿಗೆ 4 ಅಂಗುಲದಿಂದ 2 ಅಂಗುಲಕ್ಕೆ ಇಳಿಸತಕ್ಕದ್ದು. ಅದೂ ಸಾಲದಿದ್ದರೆ ಮಾತ್ರ ಶಾಖವನ್ನು ಒಂದೊಂದೇ ಮೆಟ್ಟಿಲಾಗಿ ಏರಿಸತಕ್ಕದ್ದು. ಶಾಖವು ಮಿತಿಮೀರಿದರೆ ಗೆರೆಗಳು ಹರಡಿ ಬಾರ್‌ಕೋಡ್ ಓದಲಾಗದು. ಅಚ್ಚಿನ ತಲೆಯೂ ಬೇಗನೆ ಸವೆಯುವುದು.

ಸ್ಮೃತಿ: ಮಿಲಿಮೀಟರಿಗೆ 8 ಬಿಂದುಗಳುಳ್ಳ ಯಂತ್ರದಲ್ಲಿ 100 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ಚೀಟಿಗೆ 3,20,000 ಬಿಂದುಗಳು, ಎಂದರೆ 40,000 ಬೈಟುಗಳಷ್ಟು ಸ್ಥಳವು ಬೇಕು. ಆದುದರಿಂದ ಚೀಟಿಯ ನಿಜವಾದ ಅಳತೆಯನ್ನೇ ನಮೂದಿಸತಕ್ಕದ್ದು. ಎಲ್ಲ ಚೀಟಿಗಳಿಗೂ ಸಮಾನವಾದ ಮುದ್ರೆಯನ್ನು ಯಂತ್ರದ ಶಾಶ್ವತ ಸ್ಮೃತಿಯಲ್ಲಿ ಒಮ್ಮೆ ಇರಿಸಿದರೆ, ಅದನ್ನು ಪ್ರತಿಸಲವೂ ಕಂಪ್ಯೂಟರಿನಿಂದ ಕಳುಹಬೇಕಾಗಿಲ್ಲ. ತಾತ್ಕಾಲಿಕ ಸ್ಮೃತಿಯಲ್ಲಿದ್ದುದು ವಿದ್ಯುತ್ತು ಹೋದೊಡನೆ ಅಳಿದುಹೋಗುವುದು.

ಮೇಣದ ರಿಬ್ಬನ್ನಿಲ್ಲದೆ ಶಾಖಕಾಗದದ ಮೇಲೆ ನೇರವಾಗಿ ಒತ್ತಿದ ಅಚ್ಚು ಬಿಸಿಲಿಗೆ ಮಾಸುವುದು. ಬಹುಕಾಲ ಉಳಿಯಬೇಕಾದ ಚೀಟಿಗೆ ರಿಬ್ಬನ್ನೇ ಲೇಸು. ಮೊದಲ ಚೀಟಿಯನ್ನು ದಾಖಲೆಯೊಡನೆ ಹೋಲಿಸಿ ನೋಡಿದ ಮೇಲೆಯೇ ಉಳಿದವನ್ನು ಅಚ್ಚುಮಾಡಿಸುವುದು ಕ್ಷೇಮಕರವು. ಚೀಟಿಯ ತಪ್ಪು ಗದ್ದೆಯಲ್ಲಿ ತೆನೆ ಬಿಟ್ಟ ಬಳಿಕ ತಿಳಿದರೆ, ಆ ವರ್ಷಕ್ಕೆ ಅದನ್ನು ತಿದ್ದುವ ಉಪಾಯವಿರುವುದಿಲ್ಲ.